ಬಾಣಂತಿ ಕೆಂಚಿಗೆ ಕೂದಲು ಬಂದಿದ್ದು ಶಾಂಪೂವಿನಿಂದಲ್ಲ

ನಮ್ಮ ಲ್ಯಾಬ್ರಡಾರ್ ಕೆಂಚಿ ಒಂಬತ್ತು ಮರಿ ಹಾಕಿದಳು. ಐದನೇ ವಾರಕ್ಕೆ ಬೆನ್ನು ಸವರಿದರೆ ಕೈತುಂಬ ಕೂದಲು. ತೊಡೆ, ಪಕ್ಕೆ ಎಲ್ಲ ತೆಳ್ಳಗಾಗಿ ಬಾಲ ಹೆಗ್ಗಣದ ಬಾಲದ ಹಾಗಾಯಿತು. ಶಿಡ್ಲಘಟ್ಟದಲ್ಲಿ ನಾಯಿ ಸಾಕುವ ಗೆಳೆಯರೆಲ್ಲ "ಇದು ಕಜ್ಜಿ ಕಣೋ, ಬಿಡು" ಅಂದರು.

ಹಿಂದಿನ ಬಾಣಂತನದಲ್ಲೂ ಹೀಗೇ ಆಗಿತ್ತು. ಆಗ ಶಾಂಪೂ, ಸ್ಪ್ರೇ, ಟಾನಿಕ್ ಅಂತ ನಾಲ್ಕೈದು ಸಾವಿರ ಸುರಿದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೇವಿನೆಣ್ಣೆ ಬಳಿದೆ. ಆ ಕಹಿಗೆ ಮರಿಗಳು ಮೊಲೆಗೆ ಬಾಯಿ ಹಾಕದೆ ಕುಂಯ್‌ಗುಟ್ಟಿದವು, ರಾತ್ರಿ ಎರಡು ಗಂಟೆಗೆ ಎದ್ದು ಬಿಸಿನೀರಿನ ಬಟ್ಟೆಯಲ್ಲಿ ಅವಳ ಹೊಟ್ಟೆ ಒರೆಸಿದೆ. ದಿನಕ್ಕೆ ನಾಲ್ಕು ಹಸಿ ಮೊಟ್ಟೆ ಕೊಟ್ಟೆ. ಡಾಕ್ಟರು ಬೈದರು: ಹಸಿ ಬಿಳಿ ಭಾಗ ಕೂದಲಿಗೆ ಬೇಕಾದ ಬಯೋಟಿನ್ ಅನ್ನೋ ವಿಟಮಿನ್ ಮೈಗೆ ಸೇರದ ಹಾಗೆ ಹಿಡಿದುಕೊಳ್ಳುತ್ತದೆ, ಬೇಯಿಸಿ ಕೊಡಿ ಅಂತ.

ಈ ಸಲ ಮೊದಲು ಚರ್ಮ ಕೆರೆಸಿ ನೋಡಿಸಿದೆ. ಇನ್ನೂರು ಚಿಲ್ಲರೆ ಆಯಿತು. ಕಜ್ಜಿ ಹುಳ ಇಲ್ಲ, ತುರಿಕೆಯೂ ಇಲ್ಲ. ಹೆರಿಗೆಯಾದ ಮೇಲೆ ಹಾರ್ಮೋನು ಇಳಿದು ಕೂದಲು ಒಟ್ಟಿಗೇ ಉದುರುತ್ತದೆ ಅಷ್ಟೆ. "ಹೆಂಗಸರಿಗೂ ಉದುರಲ್ವಾ?" ಅಂದರು ನಮ್ಮಮ್ಮ. ಆದರೆ ಹೊಸ ಕೂದಲು ಹುಟ್ಟೋಕೆ ಪ್ರೋಟೀನ್ ಬೇಕು, ಅದನ್ನ ಒಂಬತ್ತು ಮರಿ ಹೀರುತ್ತಿದ್ದವು. ಮುದ್ದೆ ಸಾರು ಎಲ್ಲಿ ಸಾಕಾಗುತ್ತದೆ?

ಶಾಂಪೂ ನಿಲ್ಲಿಸಿದೆ. ಮುದ್ದೆ ಅರ್ಧ ಮಾಡಿ ಕೋಳಿ, ಬೆಂದ ಮೊಟ್ಟೆ, ಸ್ವಲ್ಪ ಲಿವರ್ ಸೇರಿಸಿ ಮಾಮೂಲಿಗಿಂತ ಮೂರು ಪಟ್ಟು ಊಟ, ದಿನಕ್ಕೆ ನಾಲ್ಕು ಸಲ. ಮರಿಗಳಿಗೆ ನಾಲ್ಕನೇ ವಾರದಿಂದಲೇ ಗಂಜಿ ಕಲಿಸಿದ್ದೆ, ತಾಯಿಯ ಹೊರೆ ಇಳಿಯಲಿ ಅಂತ. ಕ್ಯಾಲ್ಸಿಯಂ ಮಾತ್ರ ಗಬ್ಬದಲ್ಲಿ ಕೊಡಲೇ ಇಲ್ಲ. ಆಗ ಸುರಿದರೆ ಮರಿ ಹಾಕಿದ ಮೇಲೆ ಫಿಟ್ಸ್ ಬರುವ ಅಪಾಯ ಜಾಸ್ತಿ.

ಇನ್ನೊಂದು ಹುಚ್ಚು ಪ್ರಯೋಗ: ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ರೇಷ್ಮೆ ಹುಳು. ನಮ್ಮೂರಲ್ಲಿ ಅದಕ್ಕೇನು ಬರವೇ! ಕೋಳಿ, ಮೀನಿಗೆ ಹಾಕುತ್ತಾರಲ್ವಾ, ನಾಯಿಗೆ ಯಾಕಾಗಬಾರದು ಅಂತ ಒಣಗಿಸಿ ಹುರಿದೆ. ಗಬ್ಬು ವಾಸನೆಗೆ ಹೆಂಡತಿ ಒಲೆಯನ್ನೇ ಹೊರಗಿಟ್ಟಳು. ಕೆಂಚಿ ಮಾತ್ರ ತಟ್ಟೆ ನೆಕ್ಕಿದಳು. ಆ ವಾಸನೆ ಕಡಿಮೆ ಮಾಡೋಕೆ ನಾನು ಹಾಕುವ ಸೊಪ್ಪು ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ, ಮರಿ ತಗೊಂಡವರಿಗೆ ಮಾತ್ರ.

ಖರ್ಚು ಎರಡು ತಿಂಗಳಿಗೆ ಆರು ಸಾವಿರದ ಹತ್ತಿರ. ಮೂರು ತಿಂಗಳಿಗೆ ಬೆನ್ನು ಮಿರಮಿರ. ಕಜ್ಜಿ ಅಂದಿದ್ದವನೇ ಮುಂದಿನ ಮರಿಗೆ ಮುಂಗಡ ತಂದ. ಈ ಸಲ ಬೆದೆಗೆ ಬಂದರೂ ಜೋಡಿ ಹಾಕಿಸಲ್ಲ, ಕಾಯಬೇಕು ಅಂದೆ. ಬಾಲದ ತುದಿಯಲ್ಲಿ ಇನ್ನೂ ಕೂದಲು ತುಂಬಿಲ್ಲ.