ಬಟ್ಟೆ ಮಳಿಗೆಯ ಬೆಳಕು: ಬಳ್ಳಾರಿಯಲ್ಲಿ ನಾನು ಮಾಡಿದ ಕೆಲಸ

ಬಳ್ಳಾರಿಯ ಬೆಂಗಳೂರು ರಸ್ತೆಯ ಮೂರು ಅಂತಸ್ತಿನ ಬಟ್ಟೆ ಮಳಿಗೆಯೊಂದರ ದೀಪಗಳನ್ನೆಲ್ಲ ಬದಲಿಸುವ ಕೆಲಸವನ್ನು ಮಾಲೀಕರು ನನಗೆ ಒಪ್ಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಕರೆಂಟ್ ಬಿಲ್ಲು. ಆ ಲೆಕ್ಕ ಸರಳವಾಗಿತ್ತು. 36 ವ್ಯಾಟ್‌ನ ಹಳೆಯ ಟ್ಯೂಬ್‌ಲೈಟು ತನ್ನ ತಾಮ್ರದ ಚೋಕಿನೊಂದಿಗೆ ಸುಮಾರು 45 ವ್ಯಾಟ್ ಎಳೆಯುತ್ತದೆ. ಅದರ ಜಾಗದಲ್ಲಿ 20 ವ್ಯಾಟ್‌ನ ಎಲ್‌ಇಡಿ ಸಾಕು. ದೀಪದ ಶಾಖ ತಗ್ಗಿದಷ್ಟೂ ಎ.ಸಿ.ಯ ಹೊರೆ ಇಳಿಯುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಇದು ಸಣ್ಣ ಲಾಭವಲ್ಲ. ಆದರೂ ಬಟ್ಟೆ ಅಂಗಡಿಯ ಬೆಳಕಿನ ಯೋಜನೆಯನ್ನು ವ್ಯಾಟ್‌ನಿಂದ ಆರಂಭಿಸಬಾರದು, ಬಣ್ಣದಿಂದ ಆರಂಭಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಅದಕ್ಕೆ ಕಾರಣ ಸೀರೆ ವಿಭಾಗದಲ್ಲೇ ಕಾಣುತ್ತಿತ್ತು. ಗಿರಾಕಿಗಳು ಸೀರೆ ಆರಿಸಿದ ಮೇಲೂ ಅದನ್ನು ಬಾಗಿಲವರೆಗೆ ಒಯ್ದು ಹಗಲು ಬೆಳಕಿನಲ್ಲಿ ಹಿಡಿದು ನೋಡುತ್ತಿದ್ದರು. ಅಲ್ಲಿನ ಹಿರಿಯ ಮಾರಾಟಗಾರರೇ "ಹೊರಗಿನ ಬೆಳಕಿನ್ಯಾಗ ಒಮ್ಮೆ ನೋಡ್ರಿ ಅಕ್ಕಾರ, ಆಮ್ಯಾಲೆ ಹೇಳ್ರಿ" ಎಂದು ಕಳಿಸುತ್ತಿದ್ದರು. ಅಂಗಡಿಯ ದೀಪವನ್ನು ಅಂಗಡಿಯವರೇ ನಂಬದ ಸ್ಥಿತಿ ಅದು.

ಎಲ್‌ಇಡಿಯ ಡಬ್ಬಿಯ ಮೇಲೆ ಸಾಮಾನ್ಯವಾಗಿ ಸಿಆರ್‌ಐ 80 ಎಂದಿರುತ್ತದೆ. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದನ್ನು ತಿಳಿಸುವ, ಗರಿಷ್ಠ 100 ಇರುವ ಸೂಚ್ಯಂಕವಿದು. ಆದರೆ ಇದನ್ನು ಎಂಟು ಮಾದರಿ ಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ, ಮತ್ತು ಆ ಎಂಟೂ ಅಷ್ಟು ಗಾಢವಲ್ಲದ ಬಣ್ಣಗಳು. ಗಾಢ ಕೆಂಪು ಒಂಬತ್ತನೆಯ ಮಾದರಿ. ಆರ್9 ಎಂದು ಕರೆಯುವ ಅದು ಸರಾಸರಿಯಲ್ಲಿ ಸೇರುವುದೇ ಇಲ್ಲ. ಸಾಮಾನ್ಯ ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕಿನ ಚಿಪ್‌ನ ಮೇಲೆ ಹಳದಿ ಫಾಸ್ಫರ್ ಲೇಪ. ಅದರ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆಯಾದ್ದರಿಂದ, ಸಿಆರ್‌ಐ 80 ಇರುವ ದೀಪದ ಆರ್9 ಸೊನ್ನೆಯ ಆಸುಪಾಸಿನಲ್ಲಿರುವುದು ಅಪರೂಪವೇನಲ್ಲ. ಇಳಕಲ್ ಸೀರೆಯ ಕೆಂಪು ಸೆರಗು, ಮದುವೆ ರೇಷ್ಮೆಯ ಕುಂಕುಮ ಬಣ್ಣ ಇವೆಲ್ಲ ಅಂಥ ದೀಪದ ಕೆಳಗೆ ಮಂಕಾಗಿ, ಕಂದು ಛಾಯೆಗೆ ತಿರುಗುತ್ತವೆ. ಹೀಗಾಗಿ ಸೀರೆ ವಿಭಾಗಕ್ಕೆ ಸಿಆರ್‌ಐ 90ಕ್ಕೂ, ಆರ್9 50ಕ್ಕೂ ಕಡಿಮೆ ಇರಬಾರದೆಂದು ಆರ್ಡರಿನಲ್ಲೇ ಬರೆಸಿ, ಪರೀಕ್ಷಾ ವರದಿ ತರಿಸಿಕೊಂಡೆ. ಇಂಥ ದೀಪಕ್ಕೆ ಬೆಲೆ ಹೆಚ್ಚು, ಅಷ್ಟೇ ವ್ಯಾಟ್‌ಗೆ ಬೆಳಕು ತುಸು ಕಡಿಮೆ. ಆದರೂ ಆ ಖರ್ಚನ್ನು ಬಿಡಲು ನಾನು ಒಪ್ಪಲಿಲ್ಲ.

ಮಾಲೀಕರಿಗೆ ಎಲ್ಲೆಡೆ 6500 ಕೆಲ್ವಿನ್‌ನ ಅಚ್ಚ ಬಿಳಿ ಬೆಳಕು ಬೇಕಿತ್ತು. ಕೆಲ್ವಿನ್ ಎಂದರೆ ಬೆಳಕಿನ ಛಾಯೆಯ ಅಳತೆ, ಅದು ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಿದಷ್ಟೂ ನೀಲಿ ಬೆರೆತ ಬಿಳಿ. ಮಾತಿನಿಂದ ಒಪ್ಪಿಸುವ ಬದಲು ಒಂದೇ ಕೌಂಟರಿನ ಮೇಲೆ 3000, 4000, 6500 ಕೆಲ್ವಿನ್‌ನ ದೀಪಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿ, ಅವೇ ಸೀರೆಗಳನ್ನು ಹಾಸಿ ತೋರಿಸಿದೆ. 6500ರಲ್ಲಿ ಬಂಗಾರದ ಜರಿ ಬೆಳ್ಳಿಯಂತೆ ಬಿಳಿಚಿಕೊಂಡಿತು. 3000ದಲ್ಲಿ ಜರಿ ಚೆನ್ನಾಗಿ ಹೊಳೆದರೂ ಬಿಳಿ ಪಂಚೆ ಹಳದಿಯಾಗಿ ಕಂಡಿತು. ಅವರೇ 4000 ಸಾಕೆಂದರು. ಮ್ಯಾಚಿಂಗ್ ಕುಪ್ಪಸದ ಕೌಂಟರಿನ ಸಮಸ್ಯೆ ಬೇರೆ. ಬೇರೆ ಬೇರೆ ಬಣ್ಣದ ರಾಸಾಯನಿಕಗಳಲ್ಲಿ ಅದ್ದಿದ ಎರಡು ಬಟ್ಟೆಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು, ಇನ್ನೊಂದರಲ್ಲಿ ಬೇರೆಯಾಗಬಹುದು. ಅಲ್ಲಿ ಹಗಲು ಬಣ್ಣದ ದೀಪವೊಂದನ್ನು, ಹಳದಿ ದೀಪವೊಂದನ್ನು ಬೇರೆ ಬೇರೆ ಸ್ವಿಚ್‌ಗೆ ಕೊಟ್ಟು, ಎರಡರಲ್ಲೂ ನೋಡಿಯೇ ಬಟ್ಟೆ ಕತ್ತರಿಸುವ ಏರ್ಪಾಡು ಮಾಡಿದೆ. ಉಗ್ರಾಣ, ಮೆಟ್ಟಿಲು, ಬಿಲ್ಲಿಂಗ್ ಕೌಂಟರುಗಳಿಗೆ ಸಾಮಾನ್ಯ ಪ್ಯಾನೆಲ್ ದೀಪಗಳೇ ಸಾಕಾದವು.

ಬೆಳಕನ್ನು ಲಕ್ಸ್ ಮೀಟರಿನಲ್ಲಿ ಅಳೆಯುವ ಮೊದಲು ಹಳೆಯ ಫಿಟ್ಟಿಂಗ್‌ಗಳ ಧೂಳು ಒರೆಸಿಸಿದೆ. ಅದಿರಿನ ಲಾರಿಗಳು ಓಡಾಡುವ ಈ ಊರಿನಲ್ಲಿ ಕೆಂಪು ಧೂಳು ಕುಳಿತ ದೀಪವನ್ನು ಹಾಗೆಯೇ ಅಳೆದರೆ ಲೆಕ್ಕ ತಪ್ಪುತ್ತದೆ. ಮೀಟರನ್ನು ಕೌಂಟರಿನ ಮೇಲೆ ಮಲಗಿಸಿ ಅಳೆಯುವುದು ರೂಢಿ. ಆದರೆ ಬಟ್ಟೆ ಇರುವುದು ಗೋಡೆಯ ರ‍್ಯಾಕುಗಳಲ್ಲಿ. ಮೀಟರನ್ನು ರ‍್ಯಾಕಿಗೆ ಒತ್ತಿ ನಿಲ್ಲಿಸಿ ಅಳೆದಾಗ ಕೆಳಗಿನ ಸಾಲುಗಳಿಗೆ ಬೆಳಕು ತಲುಪುತ್ತಿಲ್ಲವೆಂದು ತಿಳಿಯಿತು. ನಡುದಾರಿಯ ದೀಪಗಳನ್ನು ಕಡಿಮೆ ಮಾಡಿ, ಗೋಡೆಯ ಕಡೆಗೆ ತಿರುಗುವ ಟ್ರ್ಯಾಕ್ ಲೈಟುಗಳನ್ನು ಹಾಕಿದ್ದರಿಂದ ಇದು ಸರಿಯಾಯಿತು. ಹಳೆಯ ಮೆಟಲ್ ಹ್ಯಾಲೈಡ್ ಸ್ಪಾಟ್‌ಲೈಟುಗಳನ್ನೂ ಆಗಲೇ ತೆಗೆದೆ. ಕರೆಂಟ್ ಹೋಗಿ ಜನರೇಟರ್ ಬಂದರೂ ಅವು ತಣ್ಣಗಾಗುವವರೆಗೆ ಮತ್ತೆ ಹೊತ್ತುತ್ತಿರಲಿಲ್ಲ.

ವೈರಿಂಗ್‌ನಲ್ಲಿ ಎರಡು ಸಂಗತಿಗಳಿಗೆ ಗಮನ ಕೊಡಬೇಕು. ಎಲ್‌ಇಡಿ ಡ್ರೈವರುಗಳು, ಅಂದರೆ ದೀಪಕ್ಕೆ ತಕ್ಕ ಕರೆಂಟ್ ಒದಗಿಸುವ ಪುಟ್ಟ ಸಾಧನಗಳು, ಸ್ವಿಚ್ ಹಾಕಿದ ಕ್ಷಣದಲ್ಲಿ, ಅತಿ ಕಡಿಮೆ ಹೊತ್ತು, ತಮ್ಮ ಸಾಮಾನ್ಯ ಕರೆಂಟಿನ ಹಲವು ಪಟ್ಟು ಎಳೆಯುತ್ತವೆ. ವ್ಯಾಟ್ ಕಡಿಮೆಯೆಂದು ಒಂದೇ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಸಾಲುಸಾಲು ದೀಪ ಸೇರಿಸಿದರೆ ಅದು ಟ್ರಿಪ್ ಆಗುತ್ತದೆ. ದೀಪಗಳನ್ನು ಹೆಚ್ಚು ಸರ್ಕ್ಯೂಟುಗಳಿಗೆ ಹಂಚಿ, ಆ ಕ್ಷಣದ ಏರಿಕೆಯನ್ನು ಹೆಚ್ಚು ತಾಳುವ ಸಿ ಕರ್ವ್ ಎಂಸಿಬಿ ಹಾಕಿಸಿದೆ. ಇನ್ನೊಂದು ಶಾಖ. ಸಾಮಾನ್ಯವಾಗಿ ದೀಪ ಕೆಡುವುದಕ್ಕಿಂತ ಮೊದಲು ಡ್ರೈವರ್ ಕೆಡುತ್ತದೆ, ಒಳಗಿನ ಕೆಪಾಸಿಟರ್ ಬಿಸಿಗೆ ಒಣಗುವುದೇ ಮುಖ್ಯ ಕಾರಣ. ಮೇಲಿನ ಅಂತಸ್ತಿನ ಫಾಲ್ಸ್ ಸೀಲಿಂಗ್ ಮತ್ತು ಆರ್‌ಸಿಸಿ ಮಾಳಿಗೆಯ ನಡುವೆ ಮೇ ತಿಂಗಳ ಕಾವು ನಿಲ್ಲುವುದರಿಂದ, ಅಲ್ಲಿನ ಡ್ರೈವರುಗಳನ್ನು ಸೀಲಿಂಗಿನ ಕೆಳಗೆ ಗಾಳಿಯಾಡುವ ಪೆಟ್ಟಿಗೆಗಳಿಗೆ ತಂದೆ.

ಮಳಿಗೆ ಮುಚ್ಚಿದ ಮೇಲೆ, ಅಂತಸ್ತಿನ ಮೇಲೆ ಅಂತಸ್ತು ಹಿಡಿದು ಕೆಲಸ ಮುಗಿಸಿದೆವು. ಇಳಿಸಿದ ಟ್ಯೂಬುಗಳಲ್ಲಿ ಪಾದರಸವಿರುವುದರಿಂದ ಗುಜರಿಗೆ ಹಾಕದೆ, ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಗೆ ಕೊಡಿಸಿದೆ. ಒಂದೇ ಕಂಪನಿಯ ದೀಪಗಳಲ್ಲೂ ತಯಾರಿಕೆಯ ಬ್ಯಾಚ್ ಬದಲಾದಂತೆ ಬಿಳುಪಿನ ಛಾಯೆ ತುಸು ವ್ಯತ್ಯಾಸವಾಗುವುದುಂಟು. ಆದ್ದರಿಂದ ಸೀರೆ ವಿಭಾಗಕ್ಕೆ ಅದೇ ಬ್ಯಾಚಿನ ಕೆಲವು ದೀಪಗಳನ್ನು ಹೆಚ್ಚಿಗೆ ಕೊಂಡು, ಕೆಲ್ವಿನ್ ಮತ್ತು ಸಿಆರ್‌ಐ ಬರೆದ ಚೀಟಿ ಅಂಟಿಸಿ ಉಗ್ರಾಣದಲ್ಲಿ ಇರಿಸಿದ್ದೇನೆ.