ಹಜಾರದಲ್ಲೊಂದು ಥಾಯ್ ಜಗಲಿ

ಮನೆಗೆ ಥಾಯ್ ಕಳೆ ತರಬೇಕೆಂದು ಹೊರಟವರು ಮೊದಲು ಕೊಳ್ಳುವುದು ಗೋಡೆಗೆ ತೂಗುಹಾಕುವ ಸಾಮಾನು: ಬಂಗಾರದ ಬಣ್ಣ ಬಳಿದ ಕೆತ್ತನೆ, ಆನೆಯ ಚಿತ್ರ, ಬುದ್ಧನ ಮುಖ. ಇವನ್ನು ಎತ್ತರದ ಸೋಫಾದ ಹಿಂದೆ ಸಾಲಾಗಿ ಹೊಂದಿಸಿದರೆ ಹೋಟೆಲಿನ ಸ್ವಾಗತಕೋಣೆಯ ನೋಟ ಬರುತ್ತದೆಯೇ ಹೊರತು ಥಾಯ್ ಮನೆಯ ಹದ ಬರುವುದಿಲ್ಲ. ಆ ಹದ ಇರುವುದು ನೆಲದಲ್ಲಿ. ಚಾವೊ ಫ್ರಯಾ ನದಿಯ ಬಯಲಿನ ಹಳೆಯ ಮನೆಗಳು ಕಂಬಗಳ ಮೇಲೆ ನಿಂತಿವೆ. ಕೋಣೆಯ ನೆಲಕ್ಕಿಂತ ಜಗಲಿ ಸುಮಾರು 40 ಸೆಂ.ಮೀ. ತಗ್ಗು; ಜಗಲಿಗಿಂತ ಹೊರಗಿನ ತೆರೆದ ಹಲಗೆ ಅಂಗಳ ಇನ್ನೂ 40 ಸೆಂ.ಮೀ. ತಗ್ಗು. ಈ ಎರಡು ಮಟ್ಟಗಳ ನಡುವಿನ ಸಂದಿನಿಂದ ಕೆಳಗಿನ ತಂಪು ಗಾಳಿ ಮೇಲೇರುತ್ತದೆ, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಲು ಆಸನವೂ ಆಗುತ್ತದೆ. ಊಟ, ಹರಟೆ, ನಿದ್ದೆ ಎಲ್ಲ ನೆಲದ ಮೇಲೆಯೇ. ಆದ್ದರಿಂದ ಕೆಲಸ ಕೆಳಗಿನಿಂದ ಶುರುವಾಗಬೇಕು.

ಮೊದಲು ಕಟ್ಟೆ

ಜಗಲಿಯಂತೆ ಕೂರಲು ಬರುವ ಮರದ ಕಟ್ಟೆಗೆ ಹಜಾರದಲ್ಲಿ ಕಿಟಕಿಗೆ ಹತ್ತಿರದ ಒಂದು ಮೂಲೆ ಆರಿಸಿಕೊಳ್ಳಿ. 6 ಅಡಿ ಅಗಲ, 7 ಅಡಿ ಉದ್ದ ಇದ್ದರೆ ನಾಲ್ಕು ಜನ ಆರಾಮವಾಗಿ ಕೂರಬಹುದು. ಚಾವಣಿ 10 ಅಡಿ ಇದ್ದರೆ ಕಟ್ಟೆಯನ್ನು 16 ಇಂಚು ಎತ್ತರಿಸಬಹುದು. ಫಾಲ್ಸ್ ಸೀಲಿಂಗ್ ಮಾಡಿಸಿ ಚಾವಣಿ 9 ಅಡಿಗೆ ಇಳಿದಿದ್ದರೆ 12 ಇಂಚಿಗೆ ನಿಲ್ಲಿಸಿ, ಇಲ್ಲವಾದರೆ ಎದ್ದು ನಿಂತಾಗ ತಲೆಯ ಮೇಲೆ ಭಾರ ಕೂತಂತೆ ಅನಿಸುತ್ತದೆ.

ಅಳತೆ ಹಾಕುವಾಗಲೇ ಕಿಟಕಿಯ ಲೆಕ್ಕ ಮಾಡಿ. ನೆಲದಿಂದ 3 ಅಡಿ ಎತ್ತರದಲ್ಲಿರುವ ಕಿಟಕಿಯ ತಳ, 16 ಇಂಚಿನ ಕಟ್ಟೆಯ ಮೇಲೆ ನಿಂತ ಮಗುವಿಗೆ ಬರೀ 20 ಇಂಚು ಎತ್ತರದಲ್ಲಿರುತ್ತದೆ. ಗಟ್ಟಿ ಗ್ರಿಲ್ ಇಲ್ಲದ ಕಿಟಕಿಯ ಪಕ್ಕ ಕಟ್ಟೆ ಕಟ್ಟಲೇಬೇಡಿ. ಗೋಡೆಯ ಪ್ಲಗ್ ಪಾಯಿಂಟುಗಳು ಕಟ್ಟೆಯ ಹಿಂದೆ ಹೂತುಹೋಗದಂತೆ ಮೊದಲೇ ಮೇಲಕ್ಕೆ ಸರಿಸಿಕೊಳ್ಳಿ. ಬಡಗಿ ಕೆಲಸ ಮುಗಿಸಿದ ಮೇಲೆ ಎಲೆಕ್ಟ್ರಿಷಿಯನ್‌ನನ್ನು ಕರೆದರೆ ಹಲಗೆ ಬಿಚ್ಚಬೇಕಾಗುತ್ತದೆ.

ಚೌಕಟ್ಟಿಗೆ 2×3 ಇಂಚಿನ ಮರದ ತುಂಡುಗಳು ಸಾಕು. ನಡುವಿನ ಅಂತರ 16 ಇಂಚು ಮೀರಬಾರದು, ಮೀರಿದರೆ ಹಲಗೆ ಕುಣಿಯುತ್ತದೆ. ಕಾಲುಗಳ ಕೆಳಗೆ ರಬ್ಬರ್ ಪಟ್ಟಿ ಇಟ್ಟರೆ ಸದ್ದು ನಿಲ್ಲುತ್ತದೆ, ನೆಲ ಒರೆಸಿದ ನೀರೂ ಮರಕ್ಕೆ ತಾಗುವುದಿಲ್ಲ. ಮೇಲೆ 4 ಇಂಚಿಗಿಂತ ಅಗಲವಿಲ್ಲದ, ಮುಕ್ಕಾಲರಿಂದ 1 ಇಂಚು ದಪ್ಪದ ತೇಗದ ಹಲಗೆ. ಹಲಗೆ ಹಲಗೆಯ ನಡುವೆ 2–3 ಮಿ.ಮೀ. ಸಂದು, ಗೋಡೆಯ ಬದಿಯಲ್ಲಿ 10 ಮಿ.ಮೀ. ಸಂದು ಬಿಡಿಸಿ. ಬಡಗಿಗಳು ಒತ್ತಾಗಿ ಜೋಡಿಸಿ ಕೈಚಳಕ ತೋರಿಸಲು ನೋಡುತ್ತಾರೆ, ಒಪ್ಪಬೇಡಿ. ಬೇಸಿಗೆಯಲ್ಲಿ ಒತ್ತಾಗಿ ಕೂರಿಸಿದ ಹಲಗೆ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗಿ ನಡುವೆ ಉಬ್ಬುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ಇನ್ನೂ ಹೆಚ್ಚು.

ಕಟ್ಟೆಯ ಹೊಟ್ಟೆಯನ್ನು ಡ್ರಾಯರ್‌ಗಳಿಂದ ಪೂರ್ತಿ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಥಾಯ್ ಮನೆಯ ಕೆಳಭಾಗ ತೆರೆದಿರುವುದೇ ಗಾಳಿಯಾಡಲೆಂದು. ಮುಂಭಾಗದಲ್ಲಿ ಕನಿಷ್ಠ ಒಂದು ಕಡೆ ಪಟ್ಟಿಗಳ ಜಾಲರಿ ಬಿಡಿ. ಪೂರ್ತಿ ಮುಚ್ಚಿದ ಕಟ್ಟೆ ಮಳೆಗಾಲದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ.

ಮರದ ಬಗ್ಗೆ ಒಂದು ಮಾತು. 1988ರ ನವೆಂಬರಿನಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಭೀಕರ ಪ್ರವಾಹ, ಭೂಕುಸಿತ ಆದ ಮೇಲೆ, 1989ರಲ್ಲಿ ಅಲ್ಲಿನ ಸರಕಾರ ಸಹಜ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿತು. ಅಲ್ಲಿಯೂ ಈಗ ಬಳಸುವುದು ನೆಡುತೋಪಿನ ತೇಗ ಅಥವಾ ಹಳೆ ಮನೆಗಳಿಂದ ಬಿಚ್ಚಿದ ತೇಗ. ನಮ್ಮಲ್ಲೂ ಹಳೆ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲುಗಳನ್ನು ಸೀಳಿಸಿ ಬಳಸುವುದೇ ಲೇಸು. ಹೊಸ ಮರಕ್ಕೆ ಬಾರದ ಬಣ್ಣ ಅದಕ್ಕಿರುತ್ತದೆ. ಸೀಳಿಸುವ ಮೊದಲು ಅಯಸ್ಕಾಂತ ಹಿಡಿದು ಇಡೀ ತೊಲೆಯನ್ನು ಸವರಿ ನೋಡಿ. ಒಳಗೆ ಮುರಿದುಳಿದ ಒಂದು ಮೊಳೆ ಗರಗಸದ ಹಲ್ಲು ಹಾರಿಸುತ್ತದೆ. ಮೇಲೆ ಹೊಳೆಯುವ ಪಾಲಿಶ್ ಬೇಡ, ತೇಗಕ್ಕೆ ಹಚ್ಚುವ ಎಣ್ಣೆ ಎರಡು ಸಲ ಸಾಕು. ಇಂಥ ಎಣ್ಣೆಯಲ್ಲಿ ಹೆಚ್ಚಾಗಿ ಅಗಸೆ ಎಣ್ಣೆ ಇರುತ್ತದೆ; ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿದ ಮೇಲೆ ಎಸೆಯಿರಿ.

ಒರಗಲು ತ್ರಿಕೋನ ದಿಂಬು

ಕಟ್ಟೆಗೆ ಸೋಫಾದ ಬೆನ್ನು ಬೇಕಿಲ್ಲ. ಮೋನ್ ಖ್ವಾನ್ ಎಂಬ ತ್ರಿಕೋನ ದಿಂಬು ಇದೆ. ಥಾಯ್ಲೆಂಡಿನ ಈಶಾನ್ಯದ ಯಸೋಥೋನ್ ಪ್ರಾಂತ್ಯದ ಬಾನ್ ಸೀ ಥಾನ್ ಹಳ್ಳಿ ಇದಕ್ಕೆ ಹೆಸರಾದದ್ದು. ಹೊರಬಟ್ಟೆ ಖಿತ್ ನೇಯ್ಗೆಯದು (ಹೆಚ್ಚುವರಿ ಅಡ್ಡನೂಲಿನಿಂದ ಚಿತ್ತಾರ ಮೂಡಿಸುವ ನೇಯ್ಗೆ), ಒಳಗೆ ಬಿಳಿ ಬೂರುಗದ ಅರಳೆ. ಒಂದೇ ಚೀಲದಲ್ಲಿ ತುಂಬಿದ್ದಲ್ಲ, ಉದ್ದುದ್ದ ಕೊಳವೆಗಳನ್ನು ಬೇರೆಬೇರೆ ತುಂಬಿ ಜೋಡಿಸಿ ತ್ರಿಕೋನವಾಗಿಸಿದ್ದು. ಬದಿಯಲ್ಲಿ ನೋಡಿದರೆ ಸಣ್ಣ ಚೌಕಗಳ ಜಾಲ ಕಾಣುತ್ತದೆ. ಮೈಭಾರ ಬಿದ್ದರೂ ದಿಂಬು ಆಕಾರ ಬಿಡದಿರುವುದು ಈ ಕಟ್ಟಿನಿಂದಾಗಿ. ಕೊಳ್ಳುವಾಗ ಮೇಲಿನ ಏಣನ್ನು ಅಂಗೈಯಿಂದ ಬಲವಾಗಿ ಒತ್ತಿ ಬಿಡಿ. ಕೂಡಲೇ ಎದ್ದರೆ ಸರಿ. ಕುಸಿದಲ್ಲೇ ಉಳಿದರೆ ಅರಳೆ ಕಡಿಮೆ ತುಂಬಿದ್ದಾರೆ ಅಥವಾ ಸ್ಪಂಜಿನ ಚೂರು ತುರುಕಿದ್ದಾರೆ.

6×7 ಅಡಿ ಕಟ್ಟೆಗೆ ಎರಡು ದಿಂಬು, ಹೆಚ್ಚೆಂದರೆ ಮೂರು. ಇವನ್ನು ತೊಳೆಯುವಂತಿಲ್ಲ. ಬೂರುಗದ ಎಳೆಯ ಮೇಲೆ ಮೇಣದಂಥ ಪದರ ಇರುವುದರಿಂದ ಮೊದಲಿಗೆ ನೀರು ಜಾರುತ್ತದೆ, ಆದರೆ ಒಳಕ್ಕೆ ಸೇರಿದ ತೇವ ಮತ್ತೆ ಹೊರಬರುವುದು ಕಷ್ಟ. ಅರಳೆ ಗಂಟುಗಟ್ಟಿ ವಾಸನೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಎಳೆಬಿಸಿಲಿನಲ್ಲಿ ಎರಡು ಗಂಟೆ ಇಟ್ಟು ತಟ್ಟಿ ಧೂಳು ತೆಗೆಯಿರಿ. ಅರಳೆಗೆ ಬೆಂಕಿ ಬಲುಬೇಗ ಹತ್ತುತ್ತದೆ, ಆದ್ದರಿಂದ ಹಣತೆ, ಮೇಣದಬತ್ತಿ, ಅಗರಬತ್ತಿ ಕಟ್ಟೆಯಿಂದ ದೂರ ಇರಲಿ.

ದಿಂಬುಗಳ ನಡುವೆ ಇಡಲು ಉತ್ತರದ ಲಾನ್ನಾ ಸೀಮೆಯ ಖನ್‌ತೋಕ್ ಎಂಬ ಗುಂಡನೆಯ ಕುಳ್ಳು ಊಟದ ಪೀಠ ಸಾಕು. ಗಾಜಿನ ಟೀಪಾಯಿ ತಂದಿಟ್ಟರೆ ಇಷ್ಟು ಹೊತ್ತು ಮಾಡಿದ ಕೆಲಸ ಕೆಡುತ್ತದೆ.

ಬಟ್ಟೆ: ಒಂದು ಗೋಡೆಗೆ ಒಂದೇ

ಥಾಯ್ ರೇಷ್ಮೆ ಕೊಳ್ಳುವಾಗ ಮೈಸೂರು ರೇಷ್ಮೆಯ ನಯ ಹುಡುಕಬೇಡಿ. ಕೈಯಿಂದ ಬಿಚ್ಚಿದ ನೂಲು ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ದಪ್ಪ. ಆ ಏರುಪೇರಿನಿಂದಲೇ ಬೆಳಕು ಬಿದ್ದಾಗ ಬಣ್ಣ ಆಡುತ್ತದೆ. ನಮ್ಮಲ್ಲಿ ರೇಷ್ಮೆಗೆ ಸಿಲ್ಕ್ ಮಾರ್ಕ್ ಇದ್ದಂತೆ ಅಲ್ಲಿ ನವಿಲಿನ ಗುರುತು ಇದೆ. ಬಂಗಾರದ ನವಿಲು ದೇಸಿ ತಳಿಯ ಹುಳುವಿನ, ಕೈಯಿಂದ ಬಿಚ್ಚಿ ಕೈಯಿಂದ ನೇಯ್ದ ರೇಷ್ಮೆಗೆ. ನಂತರ ಬೆಳ್ಳಿ, ನೀಲಿ. ಹಸಿರು ನವಿಲು ಬೇರೆ ನೂಲು ಬೆರೆತ ಬಟ್ಟೆಗೆ. ಗೋಡೆಯ ಅಲಂಕಾರಕ್ಕೆ ನೂಲನ್ನು ಕಟ್ಟಿ ಬಣ್ಣ ಹಾಕಿ ನೇಯುವ ಮತ್‌ಮೀ ಚೆನ್ನಾಗಿರುತ್ತದೆ.

ಬಟ್ಟೆಯನ್ನು ಹಲಗೆಗೆ ಅಂಟಿಸಬೇಡಿ, ಮೊಳೆ ಹೊಡೆಯಬೇಡಿ. ಹಿಂಬದಿಯಲ್ಲಿ ಹತ್ತಿಬಟ್ಟೆಯ 2 ಇಂಚಿನ ಕೊಳವೆ ಹೊಲಿಸಿ, ಅದರೊಳಗೆ ಮರದ ಕೋಲು ತೂರಿಸಿ ತೂಗುಹಾಕಿ. ಹೀಗೆ ಮಾಡಿದರೆ ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಎರಡು ತುದಿಯಲ್ಲಿ ಮಾತ್ರ ಕಟ್ಟಿದ ರೇಷ್ಮೆ ಕೆಲವೇ ತಿಂಗಳಲ್ಲಿ ಅಲ್ಲೇ ಸೀಳುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ. ದಿಂಬಿನ ಹೊದಿಕೆ ರೇಷ್ಮೆಯದಾದರೆ ಒಳಗೆ ಹತ್ತಿಯ ಅಸ್ತರ ಕಡ್ಡಾಯ, ಇಲ್ಲವಾದರೆ ಹೊಲಿಗೆಯ ಬಳಿ ಎಳೆ ಸರಿದು ಬಾಯಿ ಬಿಡುತ್ತದೆ.

ಕೆತ್ತನೆ: ಯಾವುದು ಮನೆಯದು, ಯಾವುದು ದೇಗುಲದ್ದು

ಇದೊಂದು ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಥಾಯ್ ಛಾವಣಿಯ ತುದಿಯಲ್ಲಿ ಕೊಕ್ಕಿನಂತೆ ಮೇಲಕ್ಕೆ ಚಾಚಿದ ಚೋಫಾ ದೇವಾಲಯ, ಅರಮನೆಗಳಿಗೆ ಮೀಸಲು. ಅದನ್ನು ಮನೆಯ ಶೆಲ್ಫಿಗೆ ಅಂಟಿಸುವುದು ಸಲ್ಲದು. ಲಾನ್ನಾ ಮನೆಗಳ ಮುಂದಲೆಯಲ್ಲಿ ಕೊಂಬಿನಂತೆ ಅಡ್ಡಹಾಯ್ದ ‘ಕಾಲೇ’ ಎಂಬ ಕೆತ್ತನೆ ಮನೆಯದೇ ಆಭರಣ, ಅದನ್ನು ಬಾಗಿಲ ಮೇಲೆ ಧಾರಾಳವಾಗಿ ಇಡಬಹುದು. ಒಳಕೋಣೆಯ ಬಾಗಿಲ ಮೇಲಿನ ಹಮ್ ಯೋನ್ ಎಂಬ ಕೆತ್ತನೆ ಹಲಗೆಯೂ ಮನೆಯದೇ, ಆದರೆ ಅದು ಆ ಮನೆಯ ಶಕ್ತಿಯನ್ನು ಕಾಯುತ್ತದೆ ಎಂಬುದು ಅಲ್ಲಿನ ನಂಬಿಕೆ. ಹಳೆ ಮನೆ ಕೊಂಡವರು ಅದನ್ನು ಬಡಿದು ಹಿಂದಿನವರ ಪ್ರಭಾವ ಕಳೆಯುತ್ತಿದ್ದರು. ಹಾಗಾಗಿ ಚಿಯಾಂಗ್ ಮಾಯ್ ಬಳಿಯ ಬಾನ್ ತವಾಯ್‌ನಂಥ ಕೆತ್ತನೆ ಊರಿನಲ್ಲಿ ಹೊಸದಾಗಿ ಮಾಡಿದ್ದನ್ನೇ ಕೊಳ್ಳಿ.

ಬುದ್ಧನ ವಿಗ್ರಹ ಅಲಂಕಾರದ ವಸ್ತುವಲ್ಲ. ಹಳೆಯ ರಾಜಧಾನಿ ಆಯುತ್ಥಯದ ಪಾಳು ದೇಗುಲಗಳಲ್ಲಿ ತಲೆಯಿಲ್ಲದ ವಿಗ್ರಹಗಳ ಸಾಲು ನೋಡಿದವರಿಗೆ ಬರೀ ತಲೆಯನ್ನು ಮೇಜಿನ ಮೇಲಿಡಲು ಮನಸ್ಸೇ ಬಾರದು. ಇಡುವುದಾದರೆ ಪೂರ್ಣ ವಿಗ್ರಹವನ್ನು, ಕೂತವರ ತಲೆಗಿಂತ ಎತ್ತರದಲ್ಲಿ, ಯಾರ ಕಾಲೂ ಅತ್ತ ಚಾಚದಂತೆ ಇಡಿ. ಕಟ್ಟೆಯ ಮೇಲೆ ಕಾಲು ಚಾಚಿ ಕೂರುವುದು ಸಹಜವಾದ್ದರಿಂದ ಅದರ ಎದುರಿನ ಗೋಡೆ ತಪ್ಪಿಸಿ. ಥಾಯ್ಲೆಂಡಿನಿಂದ ವಿಗ್ರಹ ತರಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಅಂಗಳದಲ್ಲಿ ಕಂಬದ ಮೇಲೆ ನಿಲ್ಲಿಸುವ ಪುಟ್ಟ ಭೂತದ ಗುಡಿ ಅಲ್ಲಿ ದಿನವೂ ನೈವೇದ್ಯ ನಡೆಯುವ ಜಾಗ, ಅದನ್ನು ಗಿಡದ ಕುಂಡದ ಪಕ್ಕ ಆಟಿಕೆಯಂತೆ ಇಡುವುದು ತಪ್ಪು.

ಹಳೆಯದನ್ನು ಹೊಸ ಬದುಕಿಗೆ ಒಗ್ಗಿಸುವುದು ಹೇಗೆಂದು ನೋಡಬೇಕಾದರೆ ಥಾಯ್ ರೇಷ್ಮೆ ವ್ಯಾಪಾರಕ್ಕೆ ಹೆಸರಾದ ಅಮೆರಿಕನ್ ಜಿಮ್ ಥಾಂಪ್ಸನ್ ಅವರ ಬ್ಯಾಂಕಾಕಿನ ಮನೆಗೆ ಹೋಗಿ. ಆರು ಹಳೆಯ ತೇಗದ ಮನೆಗಳನ್ನು ಬಿಚ್ಚಿ ತಂದು ಜೋಡಿಸಿ 1959ರಲ್ಲಿ ಮುಗಿಸಿದ್ದು. ಗೋಡೆಗಳನ್ನು ತಿರುಗಿಸಿ ಕೂರಿಸಿದ್ದರಿಂದ ಹೊರಮುಖದ ಕೆತ್ತನೆ ಈಗ ಕೋಣೆಯ ಒಳಗೆ ಕಾಣುತ್ತದೆ. ಕಿಟಕಿಯ ಕೆಳಗಿನ ಕೆತ್ತನೆ ಫಲಕವನ್ನು ಒಳಗೋಡೆಗೆ ಕೂರಿಸುವ ಉಪಾಯ ನಮ್ಮ ಫ್ಲಾಟಿಗೂ ಹೊಂದುತ್ತದೆ.

ಪಿಂಗಾಣಿ, ಬೆಳಕು

ಚಿಯಾಂಗ್ ಮಾಯ್‌ನ ಹಸಿರು ಸೆಲಡಾನ್ ಪಾತ್ರೆಯ ಮೈಮೇಲಿನ ಸಣ್ಣ ಬಿರುಕಿನ ಜಾಲ ದೋಷವಲ್ಲ. ಆರುವಾಗ ಮಣ್ಣಿಗಿಂತ ಮೆರುಗು ಹೆಚ್ಚು ಕುಗ್ಗುವುದರಿಂದ ಅದು ಮೂಡುತ್ತದೆ. ಆ ಬಿರುಕಿಗೆ ಚಹಾ, ಅರಿಸಿನ, ಎಣ್ಣೆ ಇಳಿದರೆ ಕಲೆ ಹೋಗುವುದಿಲ್ಲ. ಬಂಗಾರದ ಗೆರೆಯ ಬೆಂಜರೋಂಗ್ ಎಂಬ ಬಹುಬಣ್ಣದ ಪಿಂಗಾಣಿ ಬಟ್ಟಲನ್ನು ಮೈಕ್ರೋವೇವ್‌ಗೆ ಹಾಕಬಾರದು. ಮರದ ಅಂಟುರಸದ ಮೆರುಗಿನ ಕಪ್ಪು ಡಬ್ಬಿಗಳು ಎ.ಸಿ. ಗಾಳಿ ನೇರ ಬೀಸುವಲ್ಲಿದ್ದರೆ ಒಣಗಿ ಸಿಪ್ಪೆ ಏಳುತ್ತವೆ.

ಬೆಳಕು ಕೆಳಗಿರಲಿ. ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಸಾ ಮರದ ತೊಗಟೆಯಿಂದ ಮಾಡಿದ ಕಾಗದದ ದೀಪ ಎರಡು, ಒಳಗೆ 5 ವ್ಯಾಟ್‌ನ, 2,700 ಕೆಲ್ವಿನ್ ಹಳದಿ ಬೆಳಕಿನ ಎಲ್‌ಇಡಿ. ಬಿಳಿ ಬೆಳಕಿನಲ್ಲಿ ತೇಗ ಬೂದುಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ.

ಬಾಲ್ಕನಿಯಲ್ಲಿ ನೀರಿನ ಗುಡಾಣ

ರಾಚಬುರಿಯಲ್ಲಿ ಮಾಡುವ, ಡ್ರ್ಯಾಗನ್ ಚಿತ್ರದ ಕಂದು ಗುಡಾಣಗಳಲ್ಲಿ ಹಿಂದೆ ಮಳೆನೀರು ಹಿಡಿದಿಡುತ್ತಿದ್ದರು. ಈಗ ನೈದಿಲೆ ಬೆಳೆಸುತ್ತಾರೆ. 50 ಲೀಟರ್ ಹಿಡಿಯುವ ಗುಡಾಣ ನೀರು, ಮಣ್ಣು ಸೇರಿ 70 ಕಿಲೋಗೂ ಮೇಲೆ ತೂಗುತ್ತದೆ. ಬಾಲ್ಕನಿಯ ಕಟಕಟೆಯ ಬದಿ ಬಿಟ್ಟು ಗೋಡೆಯ ಪಕ್ಕ ಇಡಿ, ಅದಕ್ಕಿಂತ ದೊಡ್ಡದಾದರೆ ಎಂಜಿನಿಯರನ್ನು ಕೇಳಿ. ನೈದಿಲೆಯನ್ನು 8 ಇಂಚಿನ ಕುಂಡದಲ್ಲಿ ಜೇಡಿ ಬೆರೆತ ತೋಟದ ಮಣ್ಣಿನಲ್ಲಿ ನೆಟ್ಟು, ಮೇಲೆ ಜಲ್ಲಿ ಹರಡಿ ಗುಡಾಣದೊಳಗೆ ಇಳಿಸಿ. ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆಸಿದರೆ ತೇಲಿ ನೀರು ಕೊಳೆಯುತ್ತದೆ. ಗಡ್ಡೆಯ ಮೇಲೆ 6 ಇಂಚು ನೀರು, ದಿನಕ್ಕೆ ಐದು ಗಂಟೆ ಬಿಸಿಲು. ಸೊಳ್ಳೆಮರಿ ತಿನ್ನಲು ಐದಾರು ಗಪ್ಪಿ ಮೀನು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಎರಡು ದಿನ ಬಿಸಿಲಿನಲ್ಲಿ ಬಿಟ್ಟ ಮೇಲೆಯೇ ಮೀನು ಬಿಡಿ. ಮುಂದೆ ಆವಿಯಾದಷ್ಟು ನೀರು ತುಂಬಿ, ಹಳದಿಯಾದ ಎಲೆಯನ್ನು ಬುಡದಿಂದ ಕತ್ತರಿಸುತ್ತಿದ್ದರೆ ಸಾಕು. ಪೂರ್ತಿ ನೀರು ಬದಲಿಸುವ ಅಗತ್ಯ ಬೀಳುವುದಿಲ್ಲ.