ಬಟವಾಡೆಗೆ ಮೊದಲು ಅರ್ಧ ಗಂಟೆ: ಕೆಲಸದ ಜಾಗದಲ್ಲೇ ಹಣಕಾಸಿನ ಪಾಠ ನಡೆಸುವುದು ಹೇಗೆ?

ಹಾಸನದ ಸಿದ್ಧ ಉಡುಪು ಕಾರ್ಖಾನೆಯಿರಲಿ, ಸಕಲೇಶಪುರದ ಕಾಫಿ ತೋಟವಿರಲಿ, ಊರೊಳಗಿನ ಖಾಸಗಿ ಶಾಲೆಯ ಕಚೇರಿಯಿರಲಿ, ‘ಹಣಕಾಸು ಅರಿವು ಕಾರ್ಯಕ್ರಮ’ ನಡೆಯುವ ಬಗೆ ಬಹುಮಟ್ಟಿಗೆ ಒಂದೇ. ವೇದಿಕೆ, ಬ್ಯಾನರ್, ದೀಪ ಬೆಳಗುವುದು, ಉಳಿತಾಯದ ಮಹತ್ವದ ಮೇಲೊಂದು ಭಾಷಣ, ಕೊನೆಗೆ ವಿಮೆಯ ಅರ್ಜಿಗಳ ಕಟ್ಟು. ತಿಂಗಳಿಗೆ ಹನ್ನೆರಡು ಹದಿಮೂರು ಸಾವಿರದಲ್ಲಿ ಮನೆ ನಡೆಸುವವರಿಗೆ ಉಳಿತಾಯದ ಮಹತ್ವ ಭಾಷಣಕಾರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರಿಗೆ ಯಾರೂ ಹೇಳದಿರುವುದು ಬೇರೆ: ಸಂಬಳದಲ್ಲಿ ಹಿಡಿದ ಹಣ ಎಲ್ಲಿ ಸೇರುತ್ತದೆ, ಶೇ 12 ಬಡ್ಡಿ ಎಂದು ಕೊಟ್ಟ ಸಾಲಕ್ಕೆ ನಿಜವಾಗಿ ತೆರುತ್ತಿರುವುದು ಎಷ್ಟು, ನೋಂದಣಿಯಿಲ್ಲದ ಕೈ ಚೀಟಿ ಮುಳುಗಿದರೆ ಯಾರನ್ನು ಕೇಳಬೇಕು. ಪಾಠ ಈ ಪ್ರಶ್ನೆಗಳಿಂದಲೇ ಶುರುವಾಗಬೇಕು. ಮಾಲೀಕರು, ಆಡಳಿತ ವಿಭಾಗದವರು, ತೋಟದ ರೈಟರ್, ಕಾರ್ಮಿಕ ಸಂಘದವರು, ಯಾರು ಬೇಕಾದರೂ ಇದನ್ನು ನಡೆಸಬಹುದು. ಹೀಗೆ.

1. ದಿನ, ಹೊತ್ತು ಗೊತ್ತುಮಾಡಿ

ಸಂಬಳವಾದ ಮರುದಿನ ಬೇಡ. ಅಂದು ಎಲ್ಲರ ತಲೆಯಲ್ಲೂ ಕೊಡಬೇಕಾದವರ ಪಟ್ಟಿಯೇ ಓಡುತ್ತಿರುತ್ತದೆ. ಸಂಬಳಕ್ಕೆ ಎರಡು ಮೂರು ದಿನ ಮೊದಲು ಕೂರಿಸಿ. ಶಿಫ್ಟ್ ಮುಗಿದ ಮೇಲೆ ನಿಲ್ಲಿಸಿಕೊಳ್ಳುವುದೂ ಬೇಡ. ಅರಕಲಗೂಡು, ಹೊಳೆನರಸೀಪುರದ ಬಸ್ಸು ಹಿಡಿಯಬೇಕಾದವರ ಕಣ್ಣು ಗಡಿಯಾರದ ಮೇಲಿರುತ್ತದೆ. ಕೆಲಸದ ಹೊತ್ತಿನಲ್ಲೇ, ಕೂಲಿ ಕಡಿಯದೆ, ಅರ್ಧ ಗಂಟೆ. ಒಂದು ಗುಂಪಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ, ಒಂದು ಸಲಕ್ಕೆ ಒಂದೇ ವಿಷಯ. ಈ ಅರ್ಧ ಗಂಟೆಯ ಕೂಲಿಯನ್ನು ಉಳಿಸಲು ನೋಡುವ ಆಡಳಿತ ಮಂಡಳಿ ಬ್ಯಾನರ್ ಖರ್ಚನ್ನೂ ಉಳಿಸಿಕೊಳ್ಳಬಹುದು.

ತೋಟಗಳ ಮಾತು ಸ್ವಲ್ಪ ಬೇರೆ. ಅಲ್ಲಿ ವಾರದ ಬಟವಾಡೆ, ಮರುದಿನವೇ ಸಂತೆ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ದು ನಾಲ್ಕು ಕಾಸು ಹೆಚ್ಚು ಕೈಗೆ ಬರುವುದೂ ಆಗಲೇ. ಆದ್ದರಿಂದ ಅಕ್ಟೋಬರ್‌ನಲ್ಲೇ ಮುಗಿಸಿ.

2. ಪೇ ಸ್ಲಿಪ್‌ನಿಂದ ಆರಂಭಿಸಿ

ಪುಸ್ತಿಕೆ, ಪರದೆ ಯಾವುದೂ ಬೇಡ. ಎಲ್ಲರಿಗೂ ಅವರವರ ಹೋದ ತಿಂಗಳ ಪೇ ಸ್ಲಿಪ್ ಕೊಡಿ. ಗೋಡೆಯ ಹಲಗೆಯ ಮೇಲೆ ಒಂದು ಮಾದರಿ ಲೆಕ್ಕ ಬರೆಯಿರಿ. ಒಟ್ಟು ಸಂಬಳ 14,500 ರೂಪಾಯಿ, ಅದರಲ್ಲಿ ಭವಿಷ್ಯ ನಿಧಿ, ಅಂದರೆ ಪಿಎಫ್ ಲೆಕ್ಕಕ್ಕೆ ಬರುವ ಮೂಲ ವೇತನ ಮತ್ತು ತುಟ್ಟಿಭತ್ಯೆ 13,000 ಎಂದಿಟ್ಟುಕೊಳ್ಳೋಣ. ನೌಕರರ ಪಾಲಿನ ಪಿಎಫ್ ಶೇ 12, ಅಂದರೆ 1,560. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಶೇ 0.75, ಅದು 14,500ರ ಮೇಲೆ ಲೆಕ್ಕವಾಗಿ 109. ಎರಡೂ ಸೇರಿ 1,669 ಹೋಗಿ ಕೈಗೆ ಬರುವುದು 12,831.

‘ಹಿಡಿದುಕೊಂಡರು’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಆಗ ಹಲಗೆಯ ಇನ್ನೊಂದು ಬದಿಯಲ್ಲಿ ಮಾಲೀಕರು ಕಟ್ಟುವುದನ್ನೂ ಬರೆಯಿರಿ. ಅವರ ಪಾಲೂ 1,560. ಅದರಲ್ಲಿ ಆ 13,000ರ ಶೇ 8.33, ಸುಮಾರು 1,083 ರೂಪಾಯಿ, ಪಿಂಚಣಿ ಯೋಜನೆಗೆ. ಉಳಿದ 477 ನೌಕರರ ಪಿಎಫ್ ಖಾತೆಗೆ. ಅಲ್ಲಿಗೆ ಪ್ರತಿ ತಿಂಗಳು ಖಾತೆಗೆ ಸೇರುವುದು 2,037. ಇದಕ್ಕೆ 2024-25ನೇ ಸಾಲಿನಲ್ಲಿ ಸಿಕ್ಕ ಬಡ್ಡಿ ಶೇ 8.25. ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ತುಂಬಬೇಕು. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವಾಗ ಹಳೆಯ ಖಾತೆಯ ಹಣ ಬಿಡಿಸಿಕೊಂಡು ಹೊಸದಾಗಿ ಶುರುಮಾಡುವವರು ಸೇವೆಯ ವರ್ಷಗಳನ್ನೂ ಕಳೆದುಕೊಳ್ಳುತ್ತಾರೆ. ಖಾತೆ ವರ್ಗಾಯಿಸಿಕೊಂಡರೆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಮಗಳ ಮದುವೆಗೋ ಮನೆಯ ಸೂರಿಗೋ ಹಣ ಬೇಕಾಗಿ ತೆಗೆದವರನ್ನು ದೂರುವಂತಿಲ್ಲ, ಆದರೆ ವ್ಯತ್ಯಾಸ ತಿಳಿದಿದ್ದೇ ತೆಗೆಯಲಿ.

ಇಎಸ್‌ಐಗೆ ಮಾಲೀಕರು ಕೊಡುವುದು ಶೇ 3.25. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಔಷಧಿ, ಚಿಕಿತ್ಸೆಯಷ್ಟೇ ಇದರಲ್ಲಿದೆ ಎಂದು ತಿಳಿದವರೇ ಹೆಚ್ಚು. ಕಾಯಿಲೆಯಿಂದ ರಜೆ ಹಾಕಿದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70ರಷ್ಟು ಸಿಗುತ್ತದೆ. ಈ ಒಂದು ಸಾಲು ಮೊದಲೇ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಒಡವೆ ಅಡವಿಡುವುದು ತಪ್ಪುತ್ತಿತ್ತು. ಇಎಸ್‌ಐ ಇಲ್ಲದ ತೋಟಗಳಲ್ಲಿ ಈ ಭಾಗ ಬಿಟ್ಟು, ಹಾಜರಿ ಪುಸ್ತಕ ಮತ್ತು ಮುಂಗಡದ ಲೆಕ್ಕವನ್ನು ತೆರೆದು ತೋರಿಸಿ.

3. ಹೆಸರು, ವಾರಸುದಾರರು

ಅದೇ ದಿನ ಮಾಡಿ ಮುಗಿಸಬಹುದಾದ ಕೆಲಸ ಇದು. ಯುಎಎನ್‌ಗೆ, ಅಂದರೆ ಪಿಎಫ್ ಸದಸ್ಯರ ಖಾಯಂ ಸಂಖ್ಯೆಗೆ, ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಪಿಎಫ್ ಖಾತೆಯಲ್ಲಿ ಎಷ್ಟು ಹಣವಿದೆ ಎಂಬ ಸಂದೇಶ ಬರುತ್ತದೆ. ಯಾರಿಗೆ ಬರುವುದಿಲ್ಲವೋ ಅವರ ಹೆಸರು ಬರೆದುಕೊಳ್ಳಿ. ಮೊಬೈಲ್ ಸಂಖ್ಯೆ ಬದಲಾಗಿರಬಹುದು, ಆಧಾರ್ ಜೋಡಣೆ ಆಗಿಲ್ಲದಿರಬಹುದು. ನಮ್ಮ ಕಡೆ ಹೆಸರಿನದೇ ದೊಡ್ಡ ತಕರಾರು. ಆಧಾರ್‌ನಲ್ಲಿ ಊರಿನ, ತಂದೆಯ ಹೆಸರಿನ ಇನಿಷಿಯಲ್ ಹಿಂದೆ, ಪಿಎಫ್‌ನಲ್ಲಿ ಮುಂದೆ. ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ಜನ್ಮ ದಿನಾಂಕ ಶಾಲೆಯದೊಂದು, ಆಧಾರ್‌ನದೊಂದು. ಹಣ ಬೇಕಾದ ದಿನ ಇದು ಬಯಲಾದರೆ ತಿಂಗಳುಗಟ್ಟಲೆ ಅಲೆದಾಟ. ಕೆಲಸದಲ್ಲಿರುವಾಗಲೇ ಕಚೇರಿಯ ಮೂಲಕ ಸರಿಪಡಿಸಿಕೊಳ್ಳುವುದು ಸುಲಭ.

ವಾರಸುದಾರರ ನಾಮನಿರ್ದೇಶನವನ್ನೂ ನೋಡಿ. ಸೇವೆಯಲ್ಲಿರುವಾಗ ಪಿಎಫ್ ಸದಸ್ಯರು ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಇದಕ್ಕೆ ನೌಕರರಿಂದ ಒಂದು ಪೈಸೆಯೂ ಕಡಿತವಾಗುವುದಿಲ್ಲ. ಮದುವೆಗೆ ಮೊದಲು ತಾಯಿಯ ಹೆಸರು ಕೊಟ್ಟು ಮರೆತವರು ಅನೇಕರಿರುತ್ತಾರೆ.

4. ತಿಂಗಳ ಬಜೆಟ್ ಬಿಡಿ, ವರ್ಷದ ಕ್ಯಾಲೆಂಡರ್ ಹಿಡಿಯಿರಿ

ಅಕ್ಕಿ, ಬೇಳೆ, ಗ್ಯಾಸ್, ಬಾಡಿಗೆಯ ಲೆಕ್ಕ ಎಲ್ಲರ ಬಾಯಲ್ಲೇ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆಸಿ ಅರ್ಧ ಗಂಟೆ ಕಳೆಯಬೇಡಿ. ಸಾಲ ಹುಟ್ಟುವುದು ವರ್ಷಕ್ಕೊಮ್ಮೆ ಬರುವ ಖರ್ಚುಗಳಲ್ಲಿ, ಅದೂ ಮೊದಲೇ ದಿನ ಗೊತ್ತಿರುವ ಖರ್ಚುಗಳಲ್ಲಿ. ಗೋಡೆಯ ಕ್ಯಾಲೆಂಡರ್ ಇಳಿಸಿ ಗುರುತು ಹಾಕಿಸಿ. ಜೂನ್‌ನಲ್ಲಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ 9,000. ಗೌರಿ-ಗಣೇಶ, ದೀಪಾವಳಿಗೆ 6,000. ಹಾಸನ ಪಟ್ಟಣದವರಾದರೆ ಹಾಸನಾಂಬೆಯ ಬಾಗಿಲು ತೆರೆದಾಗ ದರ್ಶನಕ್ಕೆಂದು ಬಂದು ಮನೆಯಲ್ಲಿ ಉಳಿಯುವ ನೆಂಟರನ್ನೂ ಸೇರಿಸಿಕೊಳ್ಳಬೇಕು. ಯುಗಾದಿ, ಹೊಸತೊಡಕಿಗೆ 4,000. ಊರ ಜಾತ್ರೆ, ಮದುವೆಗಳ ಮುಯ್ಯಿಗೆ 5,000. ಒಟ್ಟು 24,000, ಹಂಚಿದರೆ ತಿಂಗಳಿಗೆ 2,000.

ಈ 2,000ಕ್ಕೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ತೆರೆದು, ಸಂಬಳ ಬಿದ್ದ ಮರುದಿನವೇ ತಾನಾಗಿ ಕಡಿತವಾಗುವಂತೆ ಮಾಡಬಹುದು. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಗೂ ಸಿಗುತ್ತದೆ, ಆದರೆ ಅದರ ಅವಧಿ 5 ವರ್ಷ. ಮುಂದಿನ ಜೂನ್‌ನ ಶುಲ್ಕಕ್ಕೆ ಅದು ಆಗಿಬರುವುದಿಲ್ಲ. ಎರಡು ಸಾವಿರ ಸಾಧ್ಯವಿಲ್ಲ ಎನ್ನುವವರು ಶಾಲೆಯ ಖರ್ಚೊಂದನ್ನೇ ಹಿಡಿದು 750ರಿಂದ ಶುರುಮಾಡಲಿ. ಗೃಹಲಕ್ಷ್ಮಿಯ 2,000 ಬರುವ ಮನೆಗಳಲ್ಲಿ ಅದನ್ನೇ ಇದಕ್ಕೆ ಮೀಸಲಿಡಬಹುದು, ಆದರೆ ಕಂತು ತಡವಾದ ತಿಂಗಳೂ ಆರ್‌ಡಿ ಕಾಯುವುದಿಲ್ಲ ಎಂಬುದು ನೆನಪಿರಲಿ.

5. ಸಾಲ: ಎಲ್ಲವನ್ನೂ ಒಂದೇ ಅಳತೆಗೆ ತನ್ನಿ

ಎರಡನೇ ಸಭೆಯನ್ನು ಪೂರ್ತಿ ಇದಕ್ಕೇ ಇಡಿ. ಊರಿನಲ್ಲಿ ಬಡ್ಡಿಯ ಮಾತು ನಾಲ್ಕು ಬಗೆಯಲ್ಲಿ ನಡೆಯುತ್ತದೆ: ನೂರಕ್ಕೆ ಮೂರು ರೂಪಾಯಿ, ವಾರದ ಕಂತು, ಫ್ಲಾಟ್ ಶೇ 12, ಒಡವೆಗೆ ತಿಂಗಳಿಗೆ ಇಷ್ಟು. ಬಾಯಿಮಾತಿನಲ್ಲಿ ಇವುಗಳನ್ನು ಹೋಲಿಸಲು ಆಗುವುದಿಲ್ಲ. ಹಲಗೆಯ ಮೇಲೆ ಎಲ್ಲವನ್ನೂ ವರ್ಷದ ಬಡ್ಡಿಗೆ ತಿರುಗಿಸಿ.

ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಇದು ಸುಲಭ. ಫ್ಲಾಟ್ ಬಡ್ಡಿಯೇ ಮೋಸ ಹೋಗುವ ಜಾಗ. ಒಂದು ಲಕ್ಷ ಸಾಲ, ಎರಡು ವರ್ಷ, ಫ್ಲಾಟ್ ಶೇ 12 ಎಂದರೆ ಬಡ್ಡಿ 24,000. ತಿಂಗಳ ಕಂತು ಸುಮಾರು 5,167. ಒಂದು ವರ್ಷ ಕಟ್ಟಿದ ಮೇಲೆ ಅಸಲಿನಲ್ಲಿ ಅರ್ಧ ತೀರಿರುತ್ತದೆ, ಬಡ್ಡಿ ಮಾತ್ರ ಇನ್ನೂ ಪೂರ್ತಿ ಲಕ್ಷದ ಮೇಲೆಯೇ. ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಎಂದು ಲೆಕ್ಕ ಹಾಕಿದರೆ ಇದೇ ಸಾಲದ ದರ ಶೇ 21ನ್ನೂ ದಾಟುತ್ತದೆ. ಸಾಲ ಕೊಡುವವರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಬಾಕಿಯ ಮೇಲೆ ವರ್ಷಕ್ಕೆ ಬಡ್ಡಿ ಎಷ್ಟು, ಶುಲ್ಕವೆಲ್ಲ ಸೇರಿ ಒಟ್ಟು ಎಷ್ಟು ಬೀಳುತ್ತದೆ?’ ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳು ಈ ವಿವರವಿರುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಕನ್ನಡದಲ್ಲಿ ಕೊಡಿ ಎಂದು ಕೇಳಲು ಸಂಕೋಚ ಬೇಕಿಲ್ಲ.

ಮೈಕ್ರೊ ಫೈನಾನ್ಸ್ ಸಾಲಗಳಿಗೆ ಇನ್ನೊಂದು ಗೆರೆ ಇದೆ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಹಾಗೆಂದು ಸಾಲ ಕಟ್ಟಬೇಕಿಲ್ಲ ಎಂಬ ಅರ್ಥ ಬರುವಂತೆ ಮಾತಾಡಬೇಡಿ. ಸಂಘದ ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರ ಮನೆಯ ಮುಂದೆ ಜಗಳವಾಗುತ್ತದೆ.

6. ಚೀಟಿ

ಕಾರ್ಖಾನೆಯ ಊಟದ ಕೋಣೆಯಲ್ಲೇ ಎರಡು ಮೂರು ಚೀಟಿ ನಡೆಯುತ್ತಿರುತ್ತವೆ. ‘ಚೀಟಿ ಹಾಕಬೇಡಿ’ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬ್ಯಾಂಕಿನವರು ಹತ್ತು ಕಾಗದ ಕೇಳುವಾಗ ಚೀಟಿ ಎತ್ತಿ ಆಸ್ಪತ್ರೆಯ ಬಿಲ್ ಕಟ್ಟಿದವರಿದ್ದಾರೆ. ನೋಂದಾಯಿತ ಚೀಟಿಗೂ ಕೈ ಚೀಟಿಗೂ ಇರುವ ಅಂತರ ತಿಳಿಸಿ. 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ 7 ಮೀರುವಂತಿಲ್ಲ, ದೂರಿಗೆ ನಿಬಂಧಕರಿದ್ದಾರೆ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಕೈ ಚೀಟಿ ಹಾಕುವವರು, ಮುಳುಗಿದರೂ ಮನೆ ನಡೆಯುವಷ್ಟನ್ನು ಮಾತ್ರ ಹಾಕಲಿ.

ಇದೇ ಹೊತ್ತಿನಲ್ಲಿ ಠೇವಣಿಯ ವಿಷಯವನ್ನೂ ಒಂದು ಮಾತಿನಲ್ಲಿ ಮುಗಿಸಿ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಸಹಕಾರ ಬ್ಯಾಂಕುಗಳಿಗೂ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ನಾಮಫಲಕಗಳು ಒಂದೇ ರೀತಿ ಕಂಡರೂ ಈ ವ್ಯತ್ಯಾಸ ದೊಡ್ಡದು.

7. ಪಾಠ ಹೇಳುವವರು ಮಾರುವವರಾಗಿರಬಾರದು

ಈ ಒಂದು ನಿಯಮದಲ್ಲಿ ರಾಜಿ ಬೇಡ. ವಿಮೆ ಏಜೆಂಟ್, ಷೇರು ದಲ್ಲಾಳಿ, ಒಡವೆ ಅಂಗಡಿಯ ಉಳಿತಾಯ ಯೋಜನೆಯವರು ಉಚಿತವಾಗಿ ಬಂದು ಪಾಠ ಮಾಡಲು ಸದಾ ಸಿದ್ಧರಿರುತ್ತಾರೆ. ಅವರ ಉಚಿತಕ್ಕೆ ಆಮೇಲೆ ಬೆಲೆ ತೆರುವವರು ನಿಮ್ಮ ನೌಕರರು. ಬದಲಿಗೆ ಜಿಲ್ಲೆಯ ಬ್ಯಾಂಕುಗಳ ಕೆಲಸಕ್ಕೆ ಹೊಂದಾಣಿಕೆ ಮಾಡುವ ಲೀಡ್ ಬ್ಯಾಂಕ್ ಕಚೇರಿಗೆ ಪತ್ರ ಬರೆದು ಆರ್ಥಿಕ ಸಾಕ್ಷರತಾ ಕೇಂದ್ರದ ಸಮಾಲೋಚಕರನ್ನು ಕರೆಯಿರಿ. ಗ್ರಾಮೀಣ ಬ್ಯಾಂಕ್ ಶಾಖೆಗಳು ತಿಂಗಳಿಗೊಂದು ಸಾಕ್ಷರತಾ ಶಿಬಿರ ನಡೆಸಬೇಕೆಂಬ ನಿಯಮವೂ ಇದೆ; ತೋಟಕ್ಕೆ ಹತ್ತಿರದ ಶಾಖೆಯವರಿಗೆ ಜಾಗ ಕೊಡುತ್ತೇವೆ ಎಂದರೆ ಅವರಿಗೂ ಅನುಕೂಲ. ಯಾರೇ ಬರಲಿ, ಸಭೆಯಲ್ಲಿ ಅರ್ಜಿಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂದು ಮೊದಲೇ ಹೇಳಿ.

ಹೇಳಲೇಬೇಕಾದ ವಿಮೆ ಎರಡೇ, ಬ್ಯಾಂಕ್ ಖಾತೆಯ ಮೂಲಕ ಸಿಗುವ ಕೇಂದ್ರ ಸರ್ಕಾರದ ಯೋಜನೆಗಳು: ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ. ಮೊದಲನೆಯದು ಯಾವುದೇ ಕಾರಣದ ಸಾವಿಗೆ, ಎರಡನೆಯದು ಅಪಘಾತದ ಸಾವಿಗೆ, ತಲಾ 2 ಲಕ್ಷ. ಮೇ ಕೊನೆಯ ವಾರ ಖಾತೆಯಲ್ಲಿ ಈ 456 ರೂಪಾಯಿ ಇಲ್ಲದಿದ್ದರೆ ಜೂನ್ 1ರಿಂದ ರಕ್ಷಣೆ ನಿಂತುಹೋಗುತ್ತದೆ.

ಆನ್‌ಲೈನ್ ವಂಚನೆಗೆ ಐದು ನಿಮಿಷ ಸಾಕು: ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ, ಹಣ ಹೋದ ಕೂಡಲೇ 1930ಕ್ಕೆ ಕರೆ. ಬ್ಯಾಂಕಿನ ವಿರುದ್ಧದ ದೂರಿಗೆ 14448. ಎರಡನ್ನೂ ಪಂಚಿಂಗ್ ಯಂತ್ರದ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಅಂಟಿಸಿ.

8. ಗುಟ್ಟು ಕಾಪಾಡಿ

ಎಲ್ಲರ ಮುಂದೆ ‘ನಿಮಗೆಷ್ಟು ಸಾಲವಿದೆ?’ ಎಂದು ಕೇಳಿದ ಸಭೆಯಲ್ಲಿ ಮರು ತಿಂಗಳು ಯಾರೂ ಬಾಯಿ ಬಿಡುವುದಿಲ್ಲ. ಹಲಗೆಯ ಮೇಲೆ ಕಾಲ್ಪನಿಕ ಕುಟುಂಬವೊಂದನ್ನು ಬರೆದು ಅದರ ಲೆಕ್ಕವನ್ನೇ ಚರ್ಚಿಸಿ. ಸ್ವಂತ ವಿಷಯ ಮಾತಾಡಬೇಕೆನ್ನುವವರಿಗೆ ಸಭೆಯ ನಂತರ ಬೇರೆ ಕೋಣೆಯಲ್ಲಿ ಸಮಾಲೋಚಕರು ಸಿಗಲಿ. ಅಲ್ಲಿ ಸೂಪರ್‌ವೈಸರ್ ಇರಕೂಡದು, ಯಾರು ಬಂದರು ಎಂಬ ಪಟ್ಟಿ ಕಚೇರಿಗೆ ಹೋಗಕೂಡದು. ಹೆಂಗಸರೇ ಹೆಚ್ಚಿರುವ ಕಡೆ ಮಾತಾಡಿಸುವವರೂ ಹೆಂಗಸರಾಗಿದ್ದರೆ ಒಳ್ಳೆಯದು. ಗಂಡನಿಗೆ ತಿಳಿಯದ ಸಾಲ, ಗಂಡ ಮಾಡಿ ಇವರ ಹೆಸರಲ್ಲಿರುವ ಸಾಲ, ಎರಡೂ ಅಂಥ ಕೋಣೆಯಲ್ಲೇ ಹೊರಬರುವುದು.

9. ಫಲ ಎಣಿಸುವ ಬಗೆ

ಹಾಜರಿ ಸಹಿ, ಫೋಟೊಗಳು ವರದಿಗೆ ಆದೀತು. ಮೂರು ತಿಂಗಳ ನಂತರ ನೋಡಬೇಕಾದ್ದು ಬೇರೆ: ಎಷ್ಟು ಜನರ ಪಿಎಫ್ ಹೆಸರು ಸರಿಯಾಯಿತು, ಎಷ್ಟು ಜನ ವಾರಸುದಾರರನ್ನು ಸೇರಿಸಿದರು, ಕಚೇರಿಗೆ ಮುಂಗಡ ಕೇಳಿ ಬರುವವರು ಜೂನ್‌ನಲ್ಲಿ ಕಡಿಮೆಯಾದರೇ. ಪೇ ಸ್ಲಿಪ್‌ನಲ್ಲಿ ತಪ್ಪಿದೆ ಎಂದು ಪ್ರಶ್ನಿಸುವವರು ಹೆಚ್ಚಾದರೆ ಆಡಳಿತದವರು ಮುಖ ಗಂಟಿಕ್ಕಬಾರದು. ಆ ಪ್ರಶ್ನೆಗಳಿಗೆ ಉತ್ತರಿಸಲು ಲೆಕ್ಕ ವಿಭಾಗದ ಒಬ್ಬರು ಸಂಬಳದ ಮರುದಿನ ಊಟದ ಹೊತ್ತಿನಲ್ಲಿ ಒಂದು ಗಂಟೆ ಬಿಡುವಾಗಿರಲಿ, ಅವರು ಕೂರುವ ಜಾಗ ಎಲ್ಲರಿಗೂ ಗೊತ್ತಿರಲಿ.